ನೀನು ಯಾರ ತೋಟದ ರೈಟರು?



ಹೋದ ತಿಂಗಳು ಹೆಗ್ಗದ್ದೆಯಲ್ಲಿ ಒಂದು ಸಂಜೆ ಸಭೆ ಸೇರಿತ್ತು. ದೊಡ್ಡ ಸಭೆಯೇನಲ್ಲ. ಸ್ಕೂಲಿನ ಜಗಲಿ ಮೇಲೆ ಎರಡು ಬೆಂಚು, ಕೆಳಗೆ ಜಮಖಾನ, ಬಂದು ಹೋಗಿ ಮಾಡುವ ಕರೆಂಟು. ತೋಟದ ಕೆಲಸ ಬಿಟ್ಟು ಸೀದಾ ಬಂದಿದ್ದ ಹೆಂಗಸರು ಹಿಂದುಗಡೆ ಕೂತಿದ್ದರು. ಕೈ ತೊಳೆದುಕೊಂಡು ಬಂದಿದ್ದರೂ ಕಾಫಿ ಹಣ್ಣಿನ ಕರೆ ಉಗುರ ಸಂದಿಯಲ್ಲಿ ಹಾಗೇ ಇತ್ತು. ಹಾಸನದ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದುತ್ತಿರುವ ಈ ಕಡೆಯ ಹುಡುಗನೊಬ್ಬ ಎದ್ದು ನಿಂತು ತಾನು ಬರೆದ ಪದ್ಯ ಓದಿದ.

ಪದ್ಯದಲ್ಲಿ ಬೆಂಕಿ ಇತ್ತು. ಜ್ವಾಲಾಮುಖಿ ಇತ್ತು. ನೆತ್ತರ ಹೊಳೆ ಹರಿಯಿತು. ಕೊನೆ ಸಾಲಿನಲ್ಲಿ ಕೆಂಪು ಸೂರ್ಯನೂ ಹುಟ್ಟಿದ. ಚಪ್ಪಾಳೆಯೋ ಚಪ್ಪಾಳೆ. 'ಇನ್ನೊಂದ್ಸಲ, ಇನ್ನೊಂದ್ಸಲ' ಅಂತ ಕೂಗಿದರು. ಇನ್ನೊಂದು ಸಲ ಓದಿದ. ಯಾರೋ ಫೋನಿನಲ್ಲಿ ಹಿಡಿದುಕೊಂಡರು. ಸಭೆ ಮುಗಿದು ಎಲ್ಲರೂ ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿರುವಾಗ ಅವನ ತಾಯಿ ಹತ್ತಿರ ಬಂದು ಮಗನ ಬೆನ್ನು ಸವರಿ ಕೇಳಿದರು:

"ಬಾಳ ಚೆನ್ನಾಗಿತ್ತು ಕಣ್ ಮಗ. ಯಾರು ಬರ್ಕೊಟ್ರು?"

"ನಾನೇ ಬರ್ದಿದ್ದು ಕಣವ್ವ."

"ನೀನೇನಾ? ಮತ್ತೆ ಅದ್ರಲ್ಲಿ ನಮ್ಮನೆ ಮಾತು ಒಂದೂ ಸಿಗ್ಲಿಲ್ವಲ್ಲ."

ಸುತ್ತ ನಿಂತವರು ನಕ್ಕರು. ಹುಡುಗನೂ ನಕ್ಕ. ಆ ನಗೆ ಮುಖದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಸ್ಸಿಗೆ ಕಾಯುತ್ತಿರುವಾಗ ಪದ್ಯದ ಹಾಳೆ ನಮ್ಮ ಕೈಗಿಟ್ಟು 'ಮುಂದಿನ ಸಂಚಿಕೇಲಿ ಹಾಕಿ ಅಣ್ಣ' ಅಂದ. ಹಾಕೋಣ ಅಂದೆವು. ಸ್ಟೆನ್ಸಿಲ್ ಮೇಲೆ ನಾಲ್ಕು ಸಾಲು ಬರೆದೂ ಆಯ್ತು. ಐದನೇ ಸಾಲಿಗೆ ಕೈ ನಿಂತಿತು. ಆ ತಾಯಿಯ ಮಾತು ಕಿವಿಯಲ್ಲೇ ಇತ್ತು. ಈ ಸಲದ ಸಂಪಾದಕೀಯ ಬರೆಸಿದ್ದು ಆ ಮಾತು.

*

ಈ ಕಡೆಯವರಿಗೆ ಗೊತ್ತಿರುವುದನ್ನು ಹೊರಗಿನ ಓದುಗರಿಗೆ ಹೇಳಬೇಕು. ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ 'ರೈಟರು' ಅಂದರೆ ಕತೆ ಕವನ ಬರೆಯೋನಲ್ಲ, ಹಾಜರಿ ಬರೆಯೋನು. ಬೆಳಿಗ್ಗೆ ಯಾರು ಬಂದರು, ಯಾರು ಅರ್ಧ ದಿನಕ್ಕೆ ಹೊರಟರು, ಯಾರ ಚೀಲ ಎಷ್ಟು ಕೆಜಿ ತೂಗಿತು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಎಲ್ಲಾ ಅವನ ಪುಸ್ತಕದಲ್ಲಿರುತ್ತೆ. ಅವನೂ ಸಂಬಳಕ್ಕಿರೋನೇ, ಅವನ ಮೇಲೆ ನಮಗೇನೂ ಹಗೆಯಿಲ್ಲ. ಅಕ್ಷರ ದುಂಡಗಿರುತ್ತೆ, ಕೂಡೋ ಲೆಕ್ಕ ತಪ್ಪಲ್ಲ. ಅವನು ಬರೆಯೋದು ನಮ್ಮ ಹೆಸರನ್ನೇ, ನಮ್ಮ ದುಡಿಮೆಯನ್ನೇ.

ಆದರೆ ಪುಸ್ತಕ ಧಣಿಯದ್ದು. ಅದಕ್ಕೆ ಗೆರೆ ಎಳೆಸಿದ್ದೂ ಧಣಿಯೇ. ಆ ಪುಸ್ತಕದಲ್ಲಿ ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳಕ್ಕೆ ಕಾಲಂ ಇಲ್ಲ. ಆನೆ ದಾಟುವ ಹಾದಿಯಲ್ಲಿ ಜೀವ ಕೈಲಿ ಹಿಡಿದು ನಡೆದು ಬಂದ ಬೆಳಗಿಗೆ ಕಾಲಂ ಇಲ್ಲ. ಜ್ವರ ಬಂದ ಮಗೂನ ಲೈನ್ ಮನೇಲಿ ಬಿಟ್ಟು ಬಂದ ಸಂಕಟಕ್ಕೆ ಕಾಲಂ ಇಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಧಣಿಯ ನಡಿಗೇನ ಅಣಕಿಸಿ ಹೊಟ್ಟೆ ಹಿಡ್ಕೊಂಡು ನಕ್ಕ ನಗೆಗೂ ಅಲ್ಲಿ ಜಾಗ ಇಲ್ಲ.

ಈಗ ನಮ್ಮಲ್ಲಿ ಬರೆಯುವ ಹುಡುಗರು ಹೆಚ್ಚುತ್ತಿದ್ದಾರೆ. ಸಂತೋಷ. ಹುಡುಗಿಯರೂ ಬರೆಯುತ್ತಿದ್ದಾರೆ. ಇನ್ನೂ ಸಂತೋಷ. ಪೆನ್ನು ಹಿಡಿದ ಪ್ರತಿಯೊಬ್ಬರನ್ನೂ ನಾವು ಕೇಳಬೇಕಾದ ಪ್ರಶ್ನೆ ಒಂದೇ. ನೀನು ಬರೆಯುತ್ತಿರುವ ಪುಸ್ತಕಕ್ಕೆ ಗೆರೆ ಎಳೆದವರು ಯಾರು? ನೀನು ಯಾರ ತೋಟದ ರೈಟರು?

*

ಹೆಸರು ಮಾಡಬೇಕು ಅನ್ನೋ ಆಸೆ ತಪ್ಪಾ? ನಾವು ತಪ್ಪು ಅನ್ನೋದಿಲ್ಲ. ಊರಿನವರು 'ಲೇ ಇವನೇ' ಅಂತ ಕರೆದಾಗ ಓಡಿಹೋಗಿ ನಿಲ್ಲಬೇಕಾಗಿದ್ದವರ ಮಕ್ಕಳು ನಾವು. ಅಜ್ಜನ ಪೂರ್ತಿ ಹೆಸರು ಯಾವ ದಾಖಲೆಯಲ್ಲೂ ಇಲ್ಲದ ಮನೆಯ ಹುಡುಗನಿಗೆ ತನ್ನ ಹೆಸರನ್ನು ಅಚ್ಚಿನಲ್ಲಿ ನೋಡಬೇಕು ಅನ್ನಿಸಿದರೆ ಅದನ್ನು ಅಹಂಕಾರ ಅನ್ನುವವರಿಗೆ ನಮ್ಮ ಚರಿತ್ರೆ ಗೊತ್ತಿಲ್ಲ. ಆದರೆ ಈ ಆಸೆ ನಮ್ಮ ಮೂಗಿಗೆ ನಾವೇ ಹಾಕಿಕೊಂಡ ಮೂಗುದಾರ ಇದ್ದ ಹಾಗೆ. ಹಗ್ಗದ ತುದಿ ಯಾರ ಕೈಯಲ್ಲಿದೆ ಅಂತ ನೋಡಿಕೊಳ್ಳಬೇಕು.

ಒಂದು ತುದಿ ಪೇಟೆಯವರ ಕೈಯಲ್ಲಿದೆ. ವಿಶೇಷಾಂಕ, ವಿಚಾರ ಸಂಕಿರಣ, ಪ್ರಶಸ್ತಿ ಸಮಿತಿ ಇವೆಲ್ಲ ಆ ಕಡೆಯವು. ಅವರಿಗೆ ನಮ್ಮ ಕಣ್ಣೀರು ಬೇಕು, ನಮ್ಮ ಲೆಕ್ಕ ಬೇಡ. ಅವ್ವ ಹಸಿದು ಮಲಗಿದಳು ಅಂತ ಬರೆದರೆ ಬೆನ್ನು ತಟ್ಟುತ್ತಾರೆ. ಅವ್ವನಿಗೆ ಬರಬೇಕಾಗಿದ್ದ ಕೂಲಿ ಎಷ್ಟು, ತಕ್ಕಡಿಯಲ್ಲಿ ಹೋದದ್ದೆಷ್ಟು, ಹೋದದ್ದು ಯಾರ ಮನೆಗೆ ಅಂತ ಬರೆದು ನೋಡಿ. 'ಇದು ಸಾಹಿತ್ಯ ಆಗಲಿಲ್ಲ, ವರದಿ ಆಯ್ತು' ಅಂತಾರೆ. ಹುಡುಗ ಜಾಣ. ಮುಂದಿನ ಸಲ ಲೆಕ್ಕ ಬಿಡುತ್ತಾನೆ, ಕಣ್ಣೀರು ಹೆಚ್ಚು ಮಾಡುತ್ತಾನೆ.

ಇನ್ನೊಂದು ತುದಿ ನಮ್ಮದೇ ಸಭೆಯ ಕೈಯಲ್ಲಿದೆ. ಹೇಳೋಕೆ ಕಷ್ಟ, ಆದರೂ ಹೇಳಬೇಕು. ನಮ್ಮ ಚಪ್ಪಾಳೆಗೂ ಈಗ ಅಭ್ಯಾಸ ಬಿದ್ದಿದೆ. ಬೆಂಕಿ ಅಂದರೆ ಚಪ್ಪಾಳೆ, ಕತ್ತಿ ಅಂದರೆ ಶಿಳ್ಳೆ. 1970ರ ದಶಕದಲ್ಲಿ ಆ ಮಾತುಗಳು ಕನ್ನಡಕ್ಕೆ ಬಂದಾಗ ಅವಕ್ಕೆ ಬಿಸಿ ಇತ್ತು. ಹಾಡಿದವರ ಬೆನ್ನ ಮೇಲೆ ಆಗತಾನೇ ಏಟು ಬಿದ್ದಿತ್ತು. 50 ವರ್ಷ ಆದ ಮೇಲೆ ಅದೇ ಮಾತನ್ನು ಹಾಗೇ ಎತ್ತಿಕೊಂಡು ಬಂದರೆ ಪಕ್ಕದ ಮನೆ ಒಲೆಯಿಂದ ಬೂದಿ ತಂದ ಹಾಗೆ. ಅದರಲ್ಲಿ ಅನ್ನ ಬೇಯಲ್ಲ.

ಮೂರನೆಯದು ನಿಮ್ಮ ಜೇಬಿನಲ್ಲೇ ಇದೆ. ಹೆಗ್ಗದ್ದೆಯಲ್ಲಿ ಓದಿದ ಪದ್ಯವನ್ನು ಆ ರಾತ್ರಿ ಎಷ್ಟು ಜನ ಫೋನಿನಲ್ಲಿ ನೋಡಿದರು ಅಂತ ಹುಡುಗ ಎಣಿಸಿದನಂತೆ, ಬೆಳಿಗ್ಗೆ ಎದ್ದು ಇನ್ನೊಂದು ಸಲ ಎಣಿಸಿದನಂತೆ. ಎಣಿಸಿದ್ದರಲ್ಲಿ ದೋಷವಿಲ್ಲ. ಆದರೆ ಮಾರನೇ ದಿನ ಬರೆಯೋಕೆ ಕೂತಾಗ ಕಣ್ಣ ಮುಂದೆ ಬಂದದ್ದು ಯಾರು? ಚೀಲ ಹೊತ್ತ ಅವ್ವನಾ, ಎಣಿಕೆಯಾ?

*

ಇಷ್ಟೆಲ್ಲ ಹೇಳುವ ನಾನು ಶುದ್ಧನಲ್ಲ. ಸಂಪಾದಕೀಯದಲ್ಲಿ 'ನಾವು' ಅಂತ ಬರೆಯೋದು ವಾಡಿಕೆ. ಇದೊಂದನ್ನು 'ನಾನು' ಅಂತಲೇ ಬರೆಯಬೇಕು.

ನಾನು ಹಾಸ್ಟೆಲಿನಲ್ಲಿದ್ದಾಗ ಒಂದು ಕತೆ ಬರೆದೆ. ನಮ್ಮ ದೊಡ್ಡವ್ವ ತೀರಿಕೊಂಡ ಆಷಾಢದ ಕತೆ. ನಮ್ಮ ಕೇರಿಯವರು ಹೆಣ ಹೂಳುತ್ತಿದ್ದ ಜಾಗಕ್ಕೆ ಆ ವರ್ಷ ಬೇಲಿ ಬಂದಿತ್ತು. ಹೆಣ ಹೊತ್ತುಕೊಂಡು ಹೋದವರು ಬೇಲಿ ಹತ್ತಿರ ನಿಂತರು. ಮಾತಿಗೆ ಮಾತು ಬೆಳೆಯಿತು. ಮಳೆ ಬಿಡಲಿಲ್ಲ. ವಾಪಸು ತಂದು ಜಗಲಿ ಮೇಲೆ ಮಲಗಿಸಿ, ಪ್ಲಾಸ್ಟಿಕ್ ಕೊಪ್ಪೆ ಹೊದಿಸಿ, ರಾತ್ರಿಯೆಲ್ಲ ಕಾದು ಕೂತೆವು. ಮಾರನೇ ದಿನ ಕತ್ತಲಾದ ಮೇಲೆ ಚಿಕ್ಕಪ್ಪನ ಗದ್ದೆ ಬದುವಿನಲ್ಲಿ ಹೂತೆವು. ಗುಂಡಿಯಲ್ಲಿ ನೀರು ಬರುತ್ತಲೇ ಇತ್ತು. ಇಬ್ಬರು ಬಿಂದಿಗೆಯಲ್ಲಿ ಮೊಗೆದು ಮೊಗೆದು ಚೆಲ್ಲುತ್ತಿದ್ದರು. ಇದಿಷ್ಟನ್ನು ನಮ್ಮ ಮನೆ ಮಾತಿನಲ್ಲೇ ಬರೆದು ಒಂದು ದೊಡ್ಡ ವಾರಪತ್ರಿಕೆಗೆ ಕಳಿಸಿದೆ.

ಹಸ್ತಪ್ರತಿ ವಾಪಸು ಬಂತು. ಜೊತೆಗೆ ಪ್ರೀತಿಯಿಂದಲೇ ಬರೆದ ಕಾಗದ. ನಿಮ್ಮಲ್ಲಿ ಪ್ರತಿಭೆ ಇದೆ, ಭಾಷೆ ಎಲ್ಲರಿಗೂ ತಿಳಿಯುವ ಹಾಗಿರಲಿ, ಬರೀ ಸಾವಾದರೆ ಓದುಗರಿಗೆ ಭಾರ ಆಗುತ್ತೆ, ಒಂದು ಪ್ರೇಮದ ಎಳೆ ಸೇರಿಸಿ ನೋಡಿ, ಅಂತ. ನಾನು ಸೇರಿಸಿದೆ. ದೊಡ್ಡವ್ವ ಹೋದಳು, ಧಣಿ ಮಗಳು ಬಂದಳು. ಗದ್ದೆ ಬದು ಹೋಯಿತು, ಬೆಳದಿಂಗಳು ಬಂತು. ಕತೆ ಚಿತ್ರದ ಸಮೇತ ಅಚ್ಚಾಯಿತು. ಮನಿಆರ್ಡರ್ ಬಂತು. ಇಡೀ ರೂಮಿಗೆ ಟೀ, ಬನ್ನು ಕೊಡಿಸಿದೆ.

ರಜಕ್ಕೆ ಊರಿಗೆ ಹೋದಾಗ ಅವ್ವ 'ನಿನ್ ಕತೆ ಓದಪ್ಪ, ಕೇಳನ' ಅಂದಳು. ಓದೋಕೆ ಬಾಯಿ ಬರಲಿಲ್ಲ. ಅದೇ ಸಂಚಿಕೆಯಲ್ಲಿದ್ದ ಇನ್ಯಾರದೋ ಕತೆ ಓದಿದೆ. ಅವ್ವ ಪೂರ್ತಿ ಕೇಳಿ 'ಚೆನ್ನಾಗೈತೆ' ಅಂದಳು.

ಅಲ್ಲಿಂದ ಈಚೆಗೆ ದೊಡ್ಡವ್ವನ ಕತೆ ಬರೆಯೋಕೆ ಮೂರು ಸಲ ಕೂತಿದ್ದೇನೆ. ಆಗಿಲ್ಲ. ಅಚ್ಚಾದ ಆ ಸುಳ್ಳು ಕತೆ ಬಾಗಿಲಿಗೆ ಅಡ್ಡ ನಿಲ್ಲುತ್ತೆ. ಜಾಗ ಇಲ್ಲ ಅಂತ ಒಂದು ಸಲ ಬೇಲಿಯವರು ಅವಳನ್ನು ವಾಪಸು ಕಳಿಸಿದರು. ಇನ್ನೊಂದು ಸಲ ಕಳಿಸಿದವನು ನಾನು. ಹುಡುಗನ ಪದ್ಯದ ಐದನೇ ಸಾಲಿಗೆ ಕೈ ನಿಂತದ್ದು ಇದಕ್ಕೆ.

*

ಬೇರೆ ದಾರಿ ಇರಲಿಲ್ಲವಾ? ಇತ್ತು. ನಡೆದು ತೋರಿಸಿದವರೂ ಇದ್ದಾರೆ.

1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ತನ್ನ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಬಾಬಾಸಾಹೇಬ್ ಅಂಬೇಡ್ಕರರನ್ನು ಕರೆಯಿತು. ಕರೆದವರು ಜಾತಿ ಹೋಗಬೇಕು ಅನ್ನುವ ಸುಧಾರಕರೇ. ಭಾಷಣದ ಪ್ರತಿ ನೋಡಿ ಅವರು ಬೆಚ್ಚಿದರು. ಶಾಸ್ತ್ರಗಳ ಮೇಲಿನ ಮಾತು ಸ್ವಲ್ಪ ಕಡಿಮೆ ಮಾಡಿ, ಇಂತಿಂಥ ಭಾಗ ಬಿಡಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸಲ್ಲ ಅಂದರು ಬಾಬಾಸಾಹೇಬರು. ಸಮ್ಮೇಳನವೇ ರದ್ದಾಯಿತು. ಆಡದೇ ಉಳಿದ ಆ ಭಾಷಣವನ್ನು ಅವರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಎರಡೇ ತಿಂಗಳಲ್ಲಿ ಪ್ರತಿಗಳು ಮುಗಿದವು. ಅದೇ 'ಜಾತಿ ವಿನಾಶ'. ಅವತ್ತು ನಾಲ್ಕು ಪುಟ ಬಿಟ್ಟಿದ್ದರೆ ವೇದಿಕೆ ಸಿಗುತ್ತಿತ್ತು, ಹಾರ ಸಿಗುತ್ತಿತ್ತು. ಇವತ್ತು ನಿಮ್ಮ ಹಾಸ್ಟೆಲಿನ ಟ್ರಂಕಿನಲ್ಲಿ ಆ ಪುಸ್ತಕ ಇರುತ್ತಿತ್ತಾ?

ಕನ್ನಡಕ್ಕೆ ಬನ್ನಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದು, ಅದಕ್ಕೆ ರಾಜ್ಯವೆಲ್ಲ ಗಲಾಟೆ ಎದ್ದದ್ದು, ಅವರು ಮಂತ್ರಿ ಪದವಿ ಬಿಟ್ಟದ್ದು ನಿಮಗೆ ಗೊತ್ತಿದೆ. ಅವರ ಪರವಾಗಿ ನಿಂತ ದಲಿತ ಹುಡುಗರ ಮೇಲೆ ಹಾಸ್ಟೆಲುಗಳಿಗೇ ನುಗ್ಗಿ ಹಲ್ಲೆ ಮಾಡಿದರು. ಆಗ ಅದಕ್ಕಿಂತ ಜನಪ್ರಿಯವಲ್ಲದ ಮಾತು ಕರ್ನಾಟಕದಲ್ಲಿ ಇರಲಿಲ್ಲ. ಆದರೆ ಆ ಏಟಿನಿಂದಲೇ ಚಳವಳಿ ಎದ್ದಿತು, ಬರೆಯುವವರೂ ಎದ್ದರು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೇಳಿದಾಗ ಪರಿಷತ್ತು ಆಗಲ್ಲ ಅಂದಿತು. ಕಾಲು ಹಿಡಿಯಲಿಲ್ಲ. ಅದೇ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನವನ್ನು ತಾವೇ ಕಟ್ಟಿದರು.

ಆ ಕಾಲದ ಇಬ್ಬರನ್ನು ನೋಡಿ. ಮಾಗಡಿ ಸೀಮೆಯ ಸಿದ್ಧಲಿಂಗಯ್ಯ, ನಂಜನಗೂಡು ಸೀಮೆಯ ದೇವನೂರ ಮಹಾದೇವ.

ಸಿದ್ಧಲಿಂಗಯ್ಯನವರ ಮೊದಲ ಪುಸ್ತಕ 1975ರ 'ಹೊಲೆಮಾದಿಗರ ಹಾಡು'. ಊರಿನವರು ಬೈಯೋಕೆ ಬಳಸುತ್ತಿದ್ದ ಹೆಸರುಗಳನ್ನು ಪುಸ್ತಕದ ರಟ್ಟಿನ ಮೇಲೆ ದೊಡ್ಡದಾಗಿ ಬರೆದರು. ಯಾವ ಅಂಗಡಿಯವನು ಇದನ್ನು ಎದುರಿಗೆ ಇಟ್ಟುಕೊಳ್ಳುತ್ತಾನೆ ಅಂತ ಯೋಚಿಸಿದವನು ಆ ಹೆಸರು ಇಡುವುದಿಲ್ಲ. ಆ ಹಾಡುಗಳು ಜಾಥಾಗಳಲ್ಲಿ ಬಾಯಿಂದ ಬಾಯಿಗೆ ಹೋದವು. ಓದು ಬಾರದವರೂ ಹಾಡಿದರು. ಇದೂ ಜನಪ್ರಿಯತೆಯೇ. ಬೆನ್ನಟ್ಟಿ ಹೋಗಿ ಹಿಡಿದದ್ದಲ್ಲ, ಹಾಡಿದವರೇ ಹೊತ್ತುಕೊಂಡು ತಿರುಗಿದ್ದು.

ಮಹಾದೇವ ಅವರ ದಾರಿ ಇನ್ನೊಂದು. 'ದ್ಯಾವನೂರು', 'ಒಡಲಾಳ', 'ಕುಸುಮಬಾಲೆ' ಮೂರನ್ನೂ ಒಟ್ಟಿಗೆ ಇಟ್ಟರೂ ಬಸ್ ಸ್ಟಾಂಡಿನಲ್ಲಿ ಮಾರುವ ಒಂದು ದಪ್ಪ ಕಾದಂಬರಿಯಷ್ಟು ಆಗಲ್ಲ. 'ಒಡಲಾಳ'ದಲ್ಲಿ ಘೋಷಣೆ ಹುಡುಕಿ, ಸಿಗಲ್ಲ. ಸಾಕವ್ವನ ಕಳೆದುಹೋದ ಕೋಳಿ ಸಿಗುತ್ತೆ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ರಾತ್ರಿ ಕೂತು ತಿಂದು ಮುಗಿಸುವ ಸಂಭ್ರಮ ಸಿಗುತ್ತೆ, ಬೆಳಗಾದರೆ ಬರುವ ಪೊಲೀಸಿನವರು ಸಿಗುತ್ತಾರೆ, ಗೋಡೆ ಮೇಲೆ ಬರೆದ ನವಿಲು ಸಿಗುತ್ತೆ. ಓದಿ ಮುಗಿಸಿದ ಮೇಲೆ ಯಾವ ಭಾಷಣವೂ ಹುಟ್ಟಿಸದ ಸಿಟ್ಟು ಬರುತ್ತೆ. 'ಕುಸುಮಬಾಲೆ' ಬಂದಾಗ ಇದನ್ನು ಕನ್ನಡಕ್ಕೆ ಅನುವಾದ ಮಾಡಬೇಕು ಅಂತ ತಮಾಷೆ ಮಾಡಿದವರಿದ್ದರು. ಮಹಾದೇವ ತಮ್ಮ ಸೀಮೆಯ ಮಾತು ತಿದ್ದಲಿಲ್ಲ. 1990ರಲ್ಲಿ ಅದೇ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಭಾಷೆ ಎಲ್ಲರಿಗೂ ತಿಳಿಯುವ ಹಾಗಿರಲಿ ಅಂತ ನನಗೆ ಬಂದ ಕಾಗದ ಅವರಿಗೆ ಬಂದಿದ್ದರೆ ಏನು ಮಾಡುತ್ತಿದ್ದರು ಅನ್ನೋದನ್ನು ಬಿಡಿಸಿ ಹೇಳಬೇಕಾ?

ಈ ಇಬ್ಬರ ದಾರಿ ನಮ್ಮ ಹಾಸನ ಜಿಲ್ಲೆಯಲ್ಲೇ ಒಂದು ಸಲ ಎದುರು ಬದುರಾಯಿತು. 2015ರಲ್ಲಿ ಶ್ರವಣಬೆಳಗೊಳದಲ್ಲಿ 81ನೇ ಕನ್ನಡ ಸಾಹಿತ್ಯ ಸಮ್ಮೇಳನ. ಅಧ್ಯಕ್ಷರಾಗಿ ಅಂತ ಮಹಾದೇವ ಅವರನ್ನು ಕೇಳಿದರು. ಮಕ್ಕಳ ಮೊದಲ ಓದು ನಾಡಿನ ಭಾಷೆಯಲ್ಲಿ ಆಗುವ ತನಕ ಆ ಕುರ್ಚಿ ತಮಗೆ ಬೇಡ ಅಂದರು ಅವರು. 2010ರಲ್ಲಿ ನೃಪತುಂಗ ಪ್ರಶಸ್ತಿಯನ್ನು ಬಿಟ್ಟದ್ದೂ ಇದೇ ಕಾರಣಕ್ಕೆ. ಶ್ರವಣಬೆಳಗೊಳದ ಅಧ್ಯಕ್ಷರಾದವರು ಸಿದ್ಧಲಿಂಗಯ್ಯ. 1979ರಲ್ಲಿ ಒಂದು ಗೋಷ್ಠಿಗೂ ಜಾಗ ಇಲ್ಲ ಅಂದ ಪರಿಷತ್ತಿನ ದೊಡ್ಡ ಕುರ್ಚಿಯಲ್ಲಿ 36 ವರ್ಷದ ಮೇಲೆ ಹೊಲೆಮಾದಿಗರ ಹಾಡು ಬರೆದವರು ಕೂತರು.

ಬಿಟ್ಟವರು ದೊಡ್ಡವರಾ, ಕೂತವರು ದೊಡ್ಡವರಾ ಅಂತ ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಜಗಳ ಆಡುವವರಿದ್ದಾರೆ. ಆಡಲಿ. ಸಿದ್ಧಲಿಂಗಯ್ಯನವರು ಅಧಿಕಾರದ ಹತ್ತಿರ ಹೋದರು ಅಂತ ಚಳವಳಿಯ ಒಳಗೇ ಟೀಕೆ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 2021ರ ಜೂನಿನಲ್ಲಿ ಅವರು ತೀರಿಕೊಂಡಾಗ ಕೇರಿಗಳಲ್ಲಿ ನೆನಪಾದದ್ದು ಅವರ ಕುರ್ಚಿಗಳಲ್ಲ, ಹಾಡುಗಳು. ನಮಗೆ ಕಾಣುವ ಪಾಠ ಇಷ್ಟು. ಬರೆದದ್ದು ಮೊದಲು ಗಟ್ಟಿ ಇತ್ತು, ಕುರ್ಚಿ ಆಮೇಲೆ ಬಂತು. ಬಂದದ್ದನ್ನು ಒಬ್ಬರು ಬಿಟ್ಟರು, ಒಬ್ಬರು ಹಿಡಿದರು. ಈಗಿನ ನಮ್ಮ ಅವಸರ ಬೇರೆ. ಕುರ್ಚಿಯ ಅಳತೆ ಮೊದಲು ತೆಗೆದುಕೊಂಡು ಅದಕ್ಕೆ ಸರಿಯಾಗಿ ಪದ್ಯ ಹೊಲಿಯುತ್ತೇವೆ.

ಇನ್ನೂ ಹತ್ತಿರದ್ದು ಬೇಕಾ? ಸಕಲೇಶಪುರದಿಂದ ಬಸ್ಸು ಹತ್ತಿದರೆ ಹಾಸನ. ಅಲ್ಲಿ ವಕೀಲಿಕೆ ಮಾಡುತ್ತಾ, ಬಂಡಾಯದ ಜೊತೆಗೇ ಬೆಳೆದು ಕತೆ ಬರೆದವರು ಬಾನು ಮುಷ್ತಾಕ್. ತಮ್ಮ ಮನೆಯ, ತಮ್ಮ ಬೀದಿಯ ಮುಸ್ಲಿಂ ಹೆಂಗಸರ ಬದುಕು ಬರೆದರು. ಹೊರಗಿನವರು ಹೊಗಳಲಿ ಅಂತ ಒಳಗಿನವರನ್ನು ಬೈಯಲಿಲ್ಲ, ಒಳಗಿನವರು ಮೆಚ್ಚಲಿ ಅಂತ ತಪ್ಪು ಮುಚ್ಚಲೂ ಇಲ್ಲ. ಹೆಂಗಸರಿಗೂ ಮಸೀದಿಗೆ ಹೋಗುವ ಹಕ್ಕಿದೆ ಅಂದದ್ದಕ್ಕೆ 2000ದಲ್ಲಿ ಬೆದರಿಕೆ, ಬಹಿಷ್ಕಾರ ಎರಡನ್ನೂ ಉಂಡರು. 1990ರಿಂದ 2023ರ ತನಕ ಅವರು ಬರೆದ ಕತೆಗಳಲ್ಲಿ 12ನ್ನು ಆರಿಸಿ ಕೊಡಗಿನ ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ 'ಹಾರ್ಟ್ ಲ್ಯಾಂಪ್' ಪುಸ್ತಕಕ್ಕೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದೇ ಮೊದಲು. 50,000 ಪೌಂಡ್ ಬಹುಮಾನ ಬರೆದವರಿಗೂ ಅನುವಾದಿಸಿದವರಿಗೂ ಸಮಪಾಲು.

ಈಗ ಎಲ್ಲರೂ 'ಬುಕರ್ ಹೇಗೆ ಹೊಡೆಯೋದು' ಅಂತ ಕೇಳುತ್ತಿದ್ದಾರೆ. ಸ್ವಲ್ಪ ಲೆಕ್ಕ ಹಾಕಿ. ಅನುವಾದವಾದ ಒಂದು ಪುಸ್ತಕಕ್ಕೆ ವರ್ಷ ವರ್ಷ ಈ ಪ್ರಶಸ್ತಿ ಕೊಡೋಕೆ ಶುರುಮಾಡಿದ್ದೇ 2016ರಲ್ಲಿ. 1990ರಲ್ಲಿ ಹಾಸನದಲ್ಲಿ ಕೂತು ಕತೆ ಬರೆದವರು ಇಲ್ಲದ ಪ್ರಶಸ್ತಿಗೆ ಹೇಗೆ ಬರೆಯುತ್ತಾರೆ? ಎದುರು ಮನೆಯ ಹೆಂಗಸಿಗೆ ಬರೆದರು. ಲಂಡನ್ ಆಮೇಲೆ ಬಂತು. ಬಾರದೇ ಇದ್ದಿದ್ದರೂ ಆ ಕತೆಗಳು ಅಷ್ಟೇ ನಿಜ.

*

'ಹಾಗಾದರೆ ನಮ್ಮನ್ನು ಯಾರೂ ಓದೋದೇ ಬೇಡವಾ? ಹತ್ತು ಜನಕ್ಕೆ ಮಾತ್ರ ಬರೆಯೋದು ಮೇಲಿನವರ ಶೋಕಿ ಅಲ್ಲವಾ?' ಈ ಪ್ರಶ್ನೆ ಬರುತ್ತೆ. ನ್ಯಾಯವಾದ ಪ್ರಶ್ನೆ. ಸಾವಿರ ಜನ ಓದಲಿ, ಲಕ್ಷ ಜನ ಓದಲಿ. ಕಮ್ಮಿ ಬರೆಯುವ ಅದೇ ಮಹಾದೇವ 2022ರಲ್ಲಿ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಎಂಬ ತೆಳ್ಳನೆಯ ಪುಸ್ತಿಕೆ ಬರೆದಾಗ ಬೇರೆ ಬೇರೆ ಪ್ರಕಾಶಕರು ತಾವು ತಾವೇ ಅಚ್ಚು ಹಾಕಿ ಕಡಿಮೆ ಬೆಲೆಗೆ ಮಾರಿದರು. ಅದು ಸಾವಿರ ಸಾವಿರ ಲೆಕ್ಕದಲ್ಲಿ ಖರ್ಚಾಯಿತು. ಜನರನ್ನು ಮುಟ್ಟುವುದು ಬೇರೆ, ಜನರಿಗೆ ರುಚಿಸುವ ಹಾಗೆ ಬಾಯಿ ತಿರುಗಿಸುವುದು ಬೇರೆ. ಹೇಳಬೇಕಾದದ್ದು ಇದ್ದವನು ಓದುಗರನ್ನು ಹುಡುಕಿಕೊಂಡು ಹೋಗಲಿ. ಓದುಗರನ್ನು ನೋಡಿ ಹೇಳಬೇಕಾದದ್ದನ್ನು ಬದಲಿಸಿದರೆ ಆಗ ಅವನು ರೈಟರು.

ಇನ್ನೊಂದು ಎಚ್ಚರಿಕೆ. 'ನನ್ನದು ನಿಜವಾದ ಅನುಭವ' ಅನ್ನೋದೂ ಒಂದು ಬೋರ್ಡು ಆಗಬಹುದು. ಅನುಭವ ಇದೆ ಅಂತ ಕೆಲಸ ತಪ್ಪಿಸಿಕೊಳ್ಳಬೇಡಿ. ಸಸಿ ನಮ್ಮದೇ ಆದರೂ ಕಳೆ ಕೀಳದಿದ್ದರೆ ಬೆಳೆ ಬರಲ್ಲ. ಓದಿ. ತಿದ್ದಿ. ಹರಿದು ಹಾಕಿ ಇನ್ನೊಂದು ಸಲ ಬರೆಯಿರಿ. ಸುಳ್ಳು ಹೋಗಲಿ ಅಂತ ತಿದ್ದಿ, ನಿಜ ಹೋಗುವ ಹಾಗೆ ತಿದ್ದಬೇಡಿ.

ಹಾಸ್ಟೆಲಿನ ಗೆಳೆಯ ಗೆಳತಿಯರಿಗೆ ನಾವು ಹೇಳುವುದು ನಾಲ್ಕು ಮಾತು.

ಒಂದು. ಬರೆದದ್ದನ್ನು ಮೊದಲು ಕೇರಿಯಲ್ಲಿ ಓದಿ. ಅದರೊಳಗೆ ಯಾರಿದ್ದಾರೋ ಅವರ ಎದುರಿಗೇ ಓದಿ. 'ಹಿಂಗಲ್ಲ ಕಣ್ಲಾ, ಹಿಂಗಾಗಿದ್ದು' ಅಂತ ಅವರು ತಿದ್ದಿದರೆ ಬರೆದುಕೊಳ್ಳಿ. ಅದಕ್ಕಿಂತ ದೊಡ್ಡ ವಿಮರ್ಶೆ ಯಾವ ಪತ್ರಿಕೆಯಲ್ಲೂ ಬರಲ್ಲ.

ಎರಡು. ಕಂಡದ್ದನ್ನು ಅದರ ಹೆಸರು ಹಿಡಿದು ಬರೆಯಿರಿ. ಶೋಷಣೆ ಅಂತ ಬರೆಯುವ ಬದಲು ತಕ್ಕಡಿ ಮುಳ್ಳು ಎಲ್ಲಿ ನಿಂತಿತು ಅಂತ ಬರೆಯಿರಿ. ಬಡತನ ಅನ್ನುವ ಬದಲು ಗದ್ದೆ ಏಡಿ ಹಿಡಿದು ಸಾರು ಮಾಡಿದ ರಾತ್ರಿ ಬರೆಯಿರಿ, ಆ ಸಾರಿನ ರುಚಿಯನ್ನೂ ಬರೆಯಿರಿ. ನಾಟಿ ಗದ್ದೆಯಲ್ಲಿ ಅವ್ವ ಹಾಡುವ ಸೋಬಾನೆಗೆ ಬರೆದವರ ಹೆಸರಿಲ್ಲ, ಆದರೂ ಅದು ಸತ್ತಿಲ್ಲ. ಯಾಕೆ ಅಂತ ಕೂತು ಯೋಚಿಸಿ.

ಮೂರು. ಚಪ್ಪಾಳೆ ಬಾರದ್ದನ್ನೂ ಬರೆಯಿರಿ. ಅಪ್ಪ ವಾರದ ಬಟವಾಡೆಯನ್ನು ಪೂರ್ತಿ ಕುಡಿದು ಬಂದ ಸಂಜೆ, ಓದುತ್ತೀನಿ ಅಂದ ಅಕ್ಕನನ್ನು ತೋಟಕ್ಕೆ ಕಳಿಸಿ ಅದೇ ದುಡ್ಡಿನಲ್ಲಿ ನಿಮ್ಮನ್ನು ಹಾಸ್ಟೆಲಿಗೆ ಕಳಿಸಿದ್ದು, ಈಗ ಅಸ್ಸಾಮಿನಿಂದ ಬಂದು ಲೈನ್ ಮನೆಗಳಲ್ಲಿರುವ ಕೂಲಿಯವರನ್ನು ನಮ್ಮವರೇ ಯಾವ ಮಾತಿನಿಂದ ಕರೆಯುತ್ತಾರೆ ಅನ್ನೋದು. ಇದನ್ನು ಓದಿದರೆ ಸಭೆ ಸುಮ್ಮನಾಗುತ್ತೆ. ಆ ಸುಮ್ಮನಿರುವಿಕೆಗೆ ಹೆದರಬೇಡಿ.

ನಾಲ್ಕು. 'ಆಗಲ್ಲ' ಅನ್ನೋಕೆ ಕಲಿಯಿರಿ. ಇದನ್ನು ಹೇಳುವಾಗ ನನ್ನ ತಲೆ ತಗ್ಗುತ್ತೆ, ಆದರೂ ಹೇಳುತ್ತೇನೆ.

*

ಹುಡುಗನ ಪದ್ಯವನ್ನು ಅವನಿಗೆ ವಾಪಸು ಕಳಿಸಿದೆವು. ಕಾರಣವನ್ನೂ ಬರೆದೆವು. ಸಿಟ್ಟಿನಿಂದಲೇ ಕಾಗದ ಬಂತು. 'ಹಾಗಾದರೆ ಅವತ್ತು ಚಪ್ಪಾಳೆ ಹೊಡೆದವರೆಲ್ಲ ದಡ್ಡರಾ ಅಣ್ಣ?' ಅಂತ ಕೇಳಿದ್ದಾನೆ.

ಅಲ್ಲಪ್ಪ. ಅವರು ಯಾರೂ ದಡ್ಡರಲ್ಲ. ತಮ್ಮ ಮನೆಯ ಹುಡುಗ ಎದ್ದು ನಿಂತು, ಕೈಯಲ್ಲಿ ಹಾಳೆ ಹಿಡಿದು, ಹೆದರದೆ ನಾಲ್ಕು ಜನರೆದುರು ಓದಿದನಲ್ಲ, ಅದಕ್ಕೆ ಹೊಡೆದ ಚಪ್ಪಾಳೆ ಅದು. ಅದು ನಿನ್ನದು, ಇಟ್ಟುಕೋ. ಪದ್ಯದ ಪಾಲು ಇನ್ನೂ ಬಾಕಿ ಇದೆ.

ಈ ಸಂಚಿಕೆಯ ಕೊನೇ ಪುಟದಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದೇವೆ. ಅಲ್ಲಿ ಪದ್ಯ ಬರಬೇಕಾಗಿತ್ತು. ಕಾಗದದ ಬೆಲೆ ಗೊತ್ತಿದ್ದೂ ಬಿಟ್ಟಿದ್ದೇವೆ. ಕೊಂಡವರು ಪೆನ್ನಿನಲ್ಲಿ ಅಲ್ಲೇ ಬರೆದು, ಕತ್ತರಿಸಿ, ಸಭೆಯಲ್ಲಿ ನಮ್ಮ ಕೈಗೆ ಕೊಡಿ. ಮನೆ ಮಾತಿನಲ್ಲೇ ಇರಲಿ. ಕಾಗುಣಿತದ ತಪ್ಪು ನಾವು ನೋಡಿಕೊಳ್ಳುತ್ತೇವೆ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ದೊಡ್ಡವ್ವನ ಕತೆಯನ್ನು ಮುಂದಿನ ಸಂಚಿಕೆಗೆ ಬರೆಯುತ್ತೇನೆ. ಅಚ್ಚು ಹಾಕುವ ಮೊದಲು ಗುಂಡಿಯಿಂದ ನೀರು ಮೊಗೆದ ಆ ಇಬ್ಬರ ಎದುರು ಕೂತು ಓದುತ್ತೇನೆ. ಇಬ್ಬರೂ ಇನ್ನೂ ಇದ್ದಾರೆ. ಬರೆಯದೇ ಹೋದರೆ ಮುಂದಿನ ಸಭೆಯಲ್ಲಿ ಎಲ್ಲರೆದುರು ಹಿಡಿದು ಕೇಳಿ.

ಜೈ ಭೀಮ್.

ಸಂಪಾದಕ